ನಲ್ಲಿಯ ಹಿಡಿ

ಮತ್ತೆ ನೊರಜು, ಬಾಯಿಯ ಎಡ ಮೂಲೆಯಲ್ಲೇ, ಉಫ್ ಎಂದು ಊದಿದರೆ ಒಂದು ಕ್ಷಣ ಹೋಗುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ, ದಕ್ಷಿಣ ಜಾರ್ಜಿಯಾದಲ್ಲಿ ಹುಟ್ಟಿದವನು ಮಾತು ಕಲಿಯುವ ಮೊದಲು ಇದನ್ನು ಊದಲು ಕಲಿಯುತ್ತಾನೆ, ಸಾಲಿನಲ್ಲಿ ನಿಂತವರೆಲ್ಲ ಊದುತ್ತಿದ್ದೇವೆ, ಅರವತ್ತು ಎಪ್ಪತ್ತು ದಾಟಿದ ಮುದಿಮೂತಿಗಳು, ಆಗಸ್ಟ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಯಾವ ಪುಣ್ಯಾತ್ಮ ಈ ಹೊತ್ತು ಗೊತ್ತು ಮಾಡಿದನೋ — ಕೋಚ್ ಇದ್ದಿದ್ದರೆ ಇದೇ ಹೊತ್ತು ಇಡುತ್ತಿದ್ದ, ಅದಕ್ಕೇ ಇಟ್ಟಿದ್ದಾರೆ. ಕೋಚ್ ಹಾರ್ಡಿ ಲೆಡ್‌ಬೆಟರ್, ಹೆಲ್ಮೆಟ್ ಹಾಕಿ ಚೆಂಡು ಕಂಕುಳಲ್ಲಿ ಅವುಚಿ ನುಗ್ಗುವ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡವನ್ನು ಮೂವತ್ತೊಂದು ವರ್ಷ ಆಳಿದವನು, ತೊಂಬತ್ತೆರಡು ತುಂಬಿಸಿ ಕಳೆದ ಭಾನುವಾರ ನಿದ್ದೆಯಲ್ಲೇ ಹೋದ, ತಣ್ಣನೆಯ ಕೋಣೆಯಲ್ಲಿ, ದಿಂಬಿನ ಪಕ್ಕ ನೀರಿನ ಲೋಟ ಇಟ್ಟುಕೊಂಡು, ನರ್ಸ್ ಹೇಳಿದಳಂತೆ, ಕೊನೆಯ ದಿನಗಳಲ್ಲಿ ಅರ್ಧ ಗಂಟೆಗೊಮ್ಮೆ ನೀರು ಕೇಳುತ್ತಿದ್ದನಂತೆ, ಕೇಳಿದಾಗಲೆಲ್ಲ ಕೊಡುತ್ತಿದ್ದರಂತೆ. ಮೈದಾನದ ನಡುವೆ ಪುಟ್ಟ ವೇದಿಕೆ, ಅದರ ಮೇಲೆ ಒಂದು ಮೈಕು, ಪಕ್ಕದಲ್ಲಿ ಟೈ ಕಟ್ಟಿದ ರೇಡಿಯೊದವನು, ಒಬ್ಬೊಬ್ಬರಿಗೆ ಒಂದೇ ನಿಮಿಷ, ಕೋಚ್ ಬಗ್ಗೆ ನಿಮ್ಮ ನೆನಪು ಹೇಳಿ, ಅಳೋದಿದ್ರೆ ಕೆಳಗಿಳಿದು ಅಳಿ ಎಂದು ನಗಿಸುತ್ತಾನೆ, ಸುತ್ತ ಗ್ಯಾಲರಿಯ ಮೆಟ್ಟಿಲುಗಳ ತುಂಬ ಜನ, ಎಲ್ಲರ ಕೊರಳಲ್ಲೂ ದಾರಕ್ಕೆ ಪೋಣಿಸಿದ ನಲ್ಲಿಯ ಹಿಡಿ, ಅಲ್ಲಾಡಿದಾಗೆಲ್ಲ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ನನ್ನ ಮುಂದೆ ನಾಲ್ಕು ಜನ, ನಾಲ್ಕು ನಿಮಿಷ, ನಾನು ವೆಂಡೆಲ್ ಸ್ಟಬ್ಸ್, ಎಪ್ಪತ್ತೊಂದನೇ ಇಸವಿಯ ತಂಡದ ಕ್ಯಾಪ್ಟನ್.

ಏನೋ ವೆಂಡೆಲ್, ಊರಿಗೂರೇ ಹಿಡಿ ನೇತಾಕ್ಕೊಂಡು ಬಂದಿದೆ, ಅಸಲಿ ಕ್ಯಾಪ್ಟನ್ ಬೋಳು ಕೊರಳಲ್ಲಿ ಬಂದಿದಾನಲ್ಲೋ, ಹಿಂದಿನಿಂದ ಪರ್ಸಿ ಗ್ಯಾಸ್ಕಿನ್, ಹಲ್ಲಿನ ಡಾಕ್ಟರು, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಹಿಡಿದುಕೊಂಡು ಸಾವಿಗೂ ಬರುವ ಮನುಷ್ಯ, ಮರೆತೆ ಕಣೋ ಎನ್ನುತ್ತೇನೆ, ಮರೀತಾನಂತೆ, ನಮ್ಮಪ್ಪ ನನ್ನ ಹೆಸರು ಮರೆತ, ನಿನ್ನ ಹಿಡಿ ಮರೀಲಿಲ್ಲ, ಸಾಯೋ ಮಂಚದ ಮೇಲೂ ಅದನ್ನೇ ಹೇಳ್ತಿದ್ದ ಎಂದು ಕಿಸಕಿಸ ನಗುತ್ತಾನೆ. ಎಲ್ಲರಿಗೂ ಅದೇ ನೆನಪು. ಅಭ್ಯಾಸದ ಮೈದಾನಕ್ಕೆ ಇದ್ದದ್ದು ಒಂದೇ ನಲ್ಲಿ, ಬೇಲಿ ಪಕ್ಕ, ಮೊಣಕಾಲೆತ್ತರದ್ದು, ಆಗಸ್ಟ್ ಒಂದನೇ ತಾರೀಕು ಕೋಚ್ ತಾನೇ ಬಗ್ಗಿ ಅದರ ಹಿಡಿ ಬಿಚ್ಚಿ ಬೂಟಿನ ದಾರಕ್ಕೆ ಪೋಣಿಸಿ ಕ್ಯಾಪ್ಟನ್ ಆದವನ ಕೊರಳಿಗೆ ಹಾಕುತ್ತಿದ್ದ, ಹಿತ್ತಾಳೆಯದು, ನಾಲ್ಕು ಎಸಳಿನದು, ಅಭ್ಯಾಸ ಮುಗಿಯುವ ತನಕ ನಲ್ಲಿ ಬರೀ ಮೊಂಡುಗಂಬ, ಒಬ್ಬ ಹಲ್ಲಿನಲ್ಲಿ ಕಚ್ಚಿ ತಿರುಗಿಸಲು ಹೋಗಿ ಹಲ್ಲು ಮುರಿದುಕೊಂಡ, ಆ ಹಲ್ಲು ಕಟ್ಟಿದ್ದೇ ನಮ್ಮಪ್ಪ ಎಂದು ಪರ್ಸಿ ಇವತ್ತಿಗೂ ಹೇಳಿಕೊಂಡು ಓಡಾಡುತ್ತಾನೆ. ನೀರು ಕುಡಿದ ಕಾಲು ಕೊನೆ ಹೊತ್ತಿಗೆ ಮಲಗಿಬಿಡುತ್ತೆ ಹುಡುಗ್ರಾ, ನೀರಿನ ಬದಲು ಎರಡು ಉಪ್ಪಿನ ಮಾತ್ರೆ, ನುಂಗಿ, ಓಡಿ, ಇದು ಕೋಚ್ ಕಟ್ಟಳೆ, ಅದನ್ನು ಪಾದ್ರಿಯೂ ನಂಬಿದ್ದ, ಡಾಕ್ಟರೂ ನಂಬಿದ್ದ, ನನ್ನಪ್ಪ ನೇಗಿಲ ಹಿಂದೆ ನಡೆಯುವಾಗಲೂ ಪಾಲಿಸಿದ್ದ. ನಾನು ಆ ಹಿಡಿ ಹಾಕಿಕೊಂಡೇ ತರಗತಿಗೆ ಹೋದೆ, ಚರ್ಚಿಗೆ ಹೋದೆ, ಅಂಗಿಯ ಎರಡು ಗುಂಡಿ ಬಿಚ್ಚಿಟ್ಟುಕೊಂಡು ಹೋದೆ ಜನ ನೋಡಲಿ ಎಂದು, ನೋಡಿದರು, ನನ್ನ ಜೀವಮಾನದಲ್ಲಿ ನಾನು ಅಷ್ಟು ದೊಡ್ಡವನಾಗಿದ್ದು ಆ ಹದಿನೆಂಟು ದಿನ ಮಾತ್ರ. ಈಗ ಕೊನೆಯ ಕಾಲು ಭಾಗದ ಆಟ ಶುರುವಾದರೆ ಇಡೀ ಮೈದಾನ ಎದ್ದು ಹಿಡಿ ಎತ್ತಿ ಗಲಗಲ ಅಲ್ಲಾಡಿಸುತ್ತದೆ, ಎದುರಾಳಿಗಳು ಆ ಸದ್ದು ಕೇಳಿದರೆ ಚೆಂಡು ಕೈಬಿಡುತ್ತಾರಂತೆ, ನಾನು ಆ ಹೊತ್ತಿಗೆ ಕಾರು ಹುಡುಕುವ ನೆವದಲ್ಲಿ ಎದ್ದು ಹೋಗಿಬಿಡುತ್ತೇನೆ. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಹೆಸರಿನ ಕೆಳಗೆ ಇಟ್ಟಿರುವ ಹಿಡಿ ಕೂಡ ಅಸಲಿಯಲ್ಲ, ಕಬ್ಬಿಣದ ಅಂಗಡಿಯಿಂದ ತಂದದ್ದು, ಅಸಲಿಯನ್ನು ನಾನು ಆ ಹದಿನೆಂಟು ದಿನ ಮುಗಿದ ವಾರವೇ ಸೇತುವೆ ಮೇಲಿಂದ ಹೊಳೆಗೆ ಎಸೆದೆ.

ಮೂರು ಜನ ಈಗ. ಯಾರೋ ಹೆಂಗಸು ಮೈಕಿನ ಮುಂದೆ, ಕೋಚ್ ನಮ್ಮ ಮನೆಗೆ ಬಂದು ಅಮ್ಮನ ಕೈಯ ಕಡುಬು ಮೂರು ಸಲ ಹಾಕಿಸಿಕೊಂಡು ತಿಂದರು ಎನ್ನುತ್ತಾಳೆ, ಜನ ನಗುತ್ತಾರೆ, ಹೌದು, ತಿನ್ನುತ್ತಿದ್ದ, ಯಾರ ಮನೆಗೆ ಹೋದರೂ ಆ ಮನೆಯವನಾಗಿಬಿಡುತ್ತಿದ್ದ, ಸುಳ್ಳಲ್ಲ, ನನಗೂ ಅವನನ್ನು ಕಂಡರೆ ಪ್ರಾಣ, ಇವತ್ತಿಗೂ, ಅದೇ ಅಲ್ಲವೇ ಕಷ್ಟ. ಮತ್ತು ನನ್ನ ಮುಂದೆಯೇ ನಿಂತಿದ್ದಾಳೆ ಮೇವಿಸ್ ಟ್ಯಾಕೆಟ್, ಆ ಆಗಸ್ಟಿನಲ್ಲಿ ಅಭ್ಯಾಸದ ಓಟದಲ್ಲೇ ಬಿದ್ದು ಹೋದ ನಮ್ಮ ತಂಡದ ರಾಯ್ಸ್‌ನ ತಂಗಿ, ಎಡಗೈಯ ಎರಡು ಬೆರಳು ದವಡೆಯ ಕೆಳಗೆ ಒತ್ತಿಕೊಂಡು, ತುಟಿ ಮೆಲ್ಲಗೆ ಅಲ್ಲಾಡುತ್ತಿದೆ, ನಾಡಿ ಎಣಿಸುತ್ತಿದ್ದಾಳೆ, ಐವತ್ತು ಚಿಲ್ಲರೆ ವರ್ಷದಿಂದ ಎಣಿಸುತ್ತಿದ್ದಾಳೆ, ಚರ್ಚಿನಲ್ಲಿ, ದಿನಸಿ ಅಂಗಡಿಯಲ್ಲಿ, ಮೆಟ್ಟಿಲು ಹತ್ತಿದರೆ, ಬಿಸಿಲಿಗೆ ಬಂದರೆ. ತಿರುಗಿ ನೋಡಿ ನಗುತ್ತಾಳೆ, ಬಂದಿದೀಯಲ್ಲ, ಒಳ್ಳೇದಾಯ್ತು ವೆಂಡೆಲ್, ಕೊನೇಲಿ ನೀನು ರಾಯ್ಸ್ ಕೈ ಹಿಡ್ಕೊಂಡಿದ್ದೆ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ಳು, ನಿನ್ನ ಹೆಸರಲ್ಲಿ ದಿನಾ ಪ್ರಾರ್ಥನೆ ಮಾಡ್ತಿದ್ಳು ಕಣೋ. ಹೂಂ ಎನ್ನುತ್ತೇನೆ. ಅವರ ಮನೆಗೆ ಕೋಚ್ ಜೊತೆ ಹೋದವನು ನಾನು, ಟೈ ಕಟ್ಟಿಸಿಕೊಂಡು, ಮಡಿಲಲ್ಲಿ ಹಂದಿಮಾಂಸದ ದೊಡ್ಡ ತಟ್ಟೆ ಇಟ್ಟುಕೊಂಡು, ಕೋಚ್ ಆ ತಾಯಿಯ ಎದುರು ಮಂಡಿಯೂರಿ ಕೂತ, ನಿಜವಾಗಿ ಅತ್ತ, ನಿಮ್ಮ ಮಗನ ಹೃದಯ ಹುಟ್ಟಿದಾಗಿಂದಲೂ ಸೋತಿತ್ತಮ್ಮ, ಯಾರಿಗೂ ಗೊತ್ತಾಗಲಿಲ್ಲ, ಇದು ರಕ್ತದಲ್ಲಿ ಬರೋ ಕಾಯಿಲೆ, ಮಗಳ ಮೇಲೂ ಕಣ್ಣಿಟ್ಟಿರಿ. ಹದಿನಾರರ ಮೇವಿಸ್ ಬಾಗಿಲಲ್ಲಿ ನಿಂತಿದ್ದಳು, ಕೈ ತಾನಾಗಿ ಕೊರಳಿಗೆ ಹೋಯಿತು, ನಾನು ನೋಡಿದೆ, ಆ ಕೈ ಇನ್ನೂ ಇಳಿದಿಲ್ಲ. ಆಮೇಲೆ ಲೂಥರ್ ಬಂದ, ಶಾಲೆಯಲ್ಲಿ ಗಣಿತ ಹೇಳುತ್ತಿದ್ದವನು, ಆರು ವರ್ಷ ಅವಳ ಮನೆಯ ಜಗಲಿ ಸವೆಸಿದ, ಇವಳು ಆಗಲ್ಲ ಅಂದಳು, ಹೆತ್ತು, ಹತ್ತೊಂಬತ್ತು ವರ್ಷ ಸಾಕಿ, ಒಂದು ದಿನ ಹುಲ್ಲಿನ ಮೇಲೆ ಬೀಳೋದನ್ನ ನೋಡಲಾ, ನಂಗಾಗಲ್ಲ, ಡಾಕ್ಟರು ನಿನ್ನ ಹೃದಯದಲ್ಲಿ ಏನೂ ಇಲ್ಲಮ್ಮ ಎಂದರೆ, ರಾಯ್ಸ್‌ಗೂ ಹಾಗೇ ಅಂದಿದ್ರಲ್ಲ ಎಂದು ಎದ್ದು ಬಂದಳು. ಲೂಥರ್ ಬೇರೆ ಮದುವೆಯಾದ, ನಾಲ್ಕು ಮಕ್ಕಳು, ಆ ಮಕ್ಕಳಿಗೆಲ್ಲ ಹುಟ್ಟುಹಬ್ಬಕ್ಕೆ ಸ್ವೆಟರ್ ಹೆಣೆದು ಕೊಟ್ಟಳು ಈ ಹುಚ್ಚಿ.

ರಾಯ್ಸ್‌ನ ಹೃದಯಕ್ಕೆ ಏನೂ ಆಗಿರಲಿಲ್ಲ. ಇದು ಗೊತ್ತಿದ್ದವರು ನಾವು ಮೂರು ಜನ, ತಂಡದ ಡಾಕ್ಟರು ಹೋಗಿ ಇಪ್ಪತ್ತು ವರ್ಷ, ಕೋಚ್ ಹೋಗಿ ಆರು ದಿನ, ಉಳಿದವನು ನಾನು, ನನ್ನದೂ ಎಷ್ಟು ದಿನವೋ, ನಾನೂ ಹೋದರೆ ಮುಗಿಯಿತು, ಇವಳು ಬೆರಳೊತ್ತಿಕೊಂಡೇ ಮಣ್ಣಿಗೆ ಹೋಗುತ್ತಾಳೆ. ಅದಕ್ಕೇ ಬಂದಿದ್ದೇನೆ. ಹೇಳುವುದಕ್ಕೆ ಬಂದಿದ್ದೇನೆ — ಹೇಳಿ ಏನು ಕೊಟ್ಟಂತಾಯಿತು ಅವಳಿಗೆ, ನೀನು ಹೆರಬಹುದಿತ್ತು, ಲೂಥರ್ ನಿನ್ನವನಾಗಬಹುದಿತ್ತು, ಎಲ್ಲ ಸುಮ್ಮನೆ ಬಿಟ್ಟೆ ಎಂದು ಅರವತ್ತೊಂಬತ್ತರ ಹೆಂಗಸಿಗೆ ಹೇಳುವುದು ಪುಣ್ಯವೋ ಪಾಪವೋ, ರಾತ್ರಿಯೆಲ್ಲ ಯೋಚಿಸಿದೆ, ನನ್ನ ಎದೆ ಹಗುರಾಗಲಿ ಎಂದು ಅವಳ ಎದೆ ಒಡೆಯುವುದೇ, ಆದರೆ ಅವಳ ಬದುಕು ಅವಳದು, ಅದರ ಸುಳ್ಳನ್ನು ನಾನು ಯಾಕೆ ಇಟ್ಟುಕೊಂಡು ಕೂತಿದ್ದೇನೆ. ಇಬ್ಬರು ಈಗ. ಬೆವರು ಕಣ್ಣಿಗಿಳಿಯುತ್ತಿದೆ, ಉರಿ, ಅವತ್ತೂ ಹೀಗೇ ಉರಿಯುತ್ತಿತ್ತು, ಎರಡು ಗಂಟೆಯ ಬಿಸಿಲು, ಹೆಲ್ಮೆಟ್ ಒಳಗೆ ತಲೆ ಬೇಯುತ್ತಿದೆ, ಹನ್ನೊಂದನೇ ಸುತ್ತು, ರಾಯ್ಸ್ ನನ್ನ ಪಕ್ಕ ಓಡುತ್ತಿದ್ದಾನೆ, ಬೆವರುತ್ತಿಲ್ಲ, ಮೈಯೆಲ್ಲ ಒಣಗಿ ಕೆಂಪಗೆ, ತುಟಿಯ ಸುತ್ತ ಉಪ್ಪು ಬೆಳ್ಳಗೆ ಗಟ್ಟಿ, ಬೇಲಿಯ ಹತ್ತಿರ ಬಂದಾಗ ನಿಂತ, ನಲ್ಲಿ ಅಲ್ಲೇ, ಎರಡು ಹೆಜ್ಜೆ, ವೆಂಡೆಲ್, ಒಂದೇ ಒಂದು ಗುಟುಕು ಕಣೋ, ಕೋಚ್‌ಗೆ ಗೊತ್ತಾಗಲ್ಲ, ಕೋಚ್ ಆ ಕಡೆ ತಿರುಗಿ ನಿಂತಿದ್ದ, ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ, ಹಿಡಿ ನನ್ನ ಎದೆಯ ಮೇಲೆ, ಬಿಸಿ, ಕೈಯಲ್ಲಿ ಹಿಡಿದೆ, ಹಿಡಿದೆ, ಅದನ್ನು ಯಾರಿಗೂ ಹೇಳಿಲ್ಲ, ಹಿಡಿದು, ಇನ್ನೊಂದು ಸುತ್ತು ರಾಯ್ಸ್ ಎಂದೆ. ಸರಿ ಕ್ಯಾಪ್ಟನ್ ಎಂದ. ಸಿಟ್ಟಿಲ್ಲ, ಏನಿಲ್ಲ. ಅರ್ಧ ಸುತ್ತು ಓಡಿದ.

ಆಮೇಲೆ ಡಾಕ್ಟರು ಕೋಚ್‌ಗೆ ಹೇಳಿದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಕಿವಿಗೆ ಬಿತ್ತು, ಬರೀ ಬಿಸಿಲು ಹಾರ್ಡಿ, ಹುಡುಗ ಒಣಗಿಹೋಗಿದಾನೆ, ಹೃದಯ ಕುದುರೆ ಹೃದಯ ಇದ್ದಂಗಿದೆ, ಕೋಚ್ ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡ, ಹೃದಯದ ಕಾಯಿಲೆ ಅಂತಲೇ ಬರೀರಿ ಎಂದ. ಅವರ ಮನೆಯಿಂದ ವಾಪಸ್ ಬರುವಾಗ ಕಾರಿನಲ್ಲಿ ನನ್ನ ತೊಡೆಯ ಮೇಲೆ ಕೈಯಿಟ್ಟು, ಹಿಡಿ ನಿನ್ನ ಕೊರಳಲ್ಲಿತ್ತು ಮಗಾ, ತಿರುಗಿಸಬೇಡ ಅಂತ ನಾನು ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದ್ನಾ, ಮೆತ್ತಗೆ, ಅಪ್ಪ ಕೇಳಿದ ಹಾಗೆ, ಇಲ್ಲ ಸರ್ ಎಂದೆ, ಹೌದು, ಹೇಳಿರಲಿಲ್ಲ, ಯಾವ ಕ್ಯಾಪ್ಟನ್‌ಗೂ ಹೇಳಿರಲಿಲ್ಲ, ಯಾವ ಕ್ಯಾಪ್ಟನ್ನೂ ತಿರುಗಿಸಿರಲಿಲ್ಲ, ಹಾಗಾದರೆ ನಾವಿಬ್ರೂ ಆ ತಾಯಿಗೆ ಒಂದು ನೆಮ್ಮದಿ ಕೊಟ್ಟು ಬಂದ್ವಿ ಅಂದ್ಕೋ ಎಂದ. ಅಲ್ಲಿಂದ ಇಲ್ಲಿಯವರೆಗೆ ನನ್ನ ಬಾಯಿಗೆ ಬೀಗ. ಕ್ರಿಸ್‌ಮಸ್‌ಗೆ ಇಬ್ಬರಿಗೂ ಫೋನ್ ಮಾಡುತ್ತಿದ್ದ, ಮೊದಲು ಮೇವಿಸ್‌ಗೆ, ಆಮೇಲೆ ನನಗೆ, ಮೇವಿಸ್ ಚೆನ್ನಾಗಿದಾಳೆ ಕಣೋ ಎಂದು ಹೇಳಿ ಇಡುತ್ತಿದ್ದ, ಅಷ್ಟೇ.

ಮೇವಿಸ್ ವೇದಿಕೆ ಹತ್ತಿದಳು. ಬೆರಳು ತೆಗೆಯದೆ ಇನ್ನೊಂದು ಕೈಯಲ್ಲಿ ಮೈಕು ಬಗ್ಗಿಸಿಕೊಂಡಳು, ನಾನು ರಾಯ್ಸ್ ಟ್ಯಾಕೆಟ್ ತಂಗಿ, ನನ್ನಣ್ಣ ಇದೇ ಕಾಲೇಜಿಗೋಸ್ಕರ ಓಡ್ತಾ ಓಡ್ತಾ ಹೋದ, ಕೋಚ್ ನಮ್ಮನೆಗೆ ಬಂದು ನಿಜ ಹೇಳಿದ್ರು, ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಡ್ತಿದ್ರು, ಅವರು ಹೇಳಿದ್ದಕ್ಕೆ ನಾನು ಎಚ್ಚರವಾಗಿದ್ದೆ, ನನ್ನಿಂದ ಯಾವ ಮಗೂನೂ ಆ ಹೃದಯ ಹೊತ್ತು ಈ ಭೂಮಿಗೆ ಬರಲಿಲ್ಲ, ಅದು ಅವರು ನಂಗೆ ಮಾಡಿದ ಉಪಕಾರ. ಜನ ಎದ್ದು ನಿಂತು ಚಪ್ಪಾಳೆ. ಪರ್ಸಿ ಕೂಡ ಕಡಲೆಕಾಯಿ ಜಗಿಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡ. ಅವಳು ಇಳಿದು ಬಂದು ವೇದಿಕೆಯ ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಳು, ಮೂರು ಮೊಳ ದೂರ, ಹೋಗು ವೆಂಡೆಲ್, ಚೆನ್ನಾಗಿ ಹೇಳು ಎಂದಳು. ಹೋಗುತ್ತಿದ್ದೇನೆ, ಎಪ್ಪತ್ತೊಂದರ ಕ್ಯಾಪ್ಟನ್ ವೆಂಡೆಲ್ ಸ್ಟಬ್ಸ್ ಎಂದು ರೇಡಿಯೊದವನು ಕೂಗಿದ, ಒಂದು ನಿಮಿಷ ಸರ್, ಒಬ್ಬ ತಣ್ಣನೆಯ ನೀರಿನ ಬಾಟಲಿ ಚಾಚಿದ, ಬೇಡ ಎಂದೆ, ಮೈಕು ಬಾಯಿಗೆ ತಾಗಿತು, ಬಿಸಿಯಾಗಿತ್ತು, ಕೋಚ್ ಒಳ್ಳೆಯವರು ಎಂದು ಶುರುಮಾಡಿ ಅಲ್ಲಿಗೇ ಬಿಡಬಹುದು, ಕಡುಬು ತಿಂದ ಕತೆ ನನ್ನ ಹತ್ತಿರವೂ ಇದೆ — ಅವಳನ್ನು ನೋಡಿದೆ, ತುಟಿ ಎಣಿಸುತ್ತಿದೆ. ಅವತ್ತು ರಾಯ್ಸ್ ನನ್ನ ಹತ್ತಿರ ನೀರು ಕೇಳಿದ, ಎಂದೆ. ನನ್ನ ದನಿ ನಾಲ್ಕು ಕಡೆಯ ಧ್ವನಿವರ್ಧಕದಿಂದ ತಿರುಗಿ ನನಗೇ ಬಂತು. ಹಿಡಿ ನನ್ನ ಕೈಯಲ್ಲಿತ್ತು, ಎಂದೆ. ನಾನು, ಇನ್ನೊಂದು ಸುತ್ತು ರಾಯ್ಸ್, ಅಂದೆ.

ಮೇಲಿನ ಮೆಟ್ಟಿಲಲ್ಲಿ ಯಾರೋ ಒಬ್ಬ ಹೋ ಎಂದ, ಆಮೇಲೆ ಎಲ್ಲರೂ, ಎದ್ದರು, ಹೆಂಗಸರು ಗಂಡಸರು ಎಲ್ಲರೂ, ಇನ್ನೊಂದು ಸುತ್ತು, ಇನ್ನೊಂದು ಸುತ್ತು, ಹಿಡಿಗಳು ಮೇಲೆದ್ದವು, ಗಲಗಲ ಗಲಗಲ, ಹೆಮ್ಮೆಯ ಮಾತು ಅಂದುಕೊಂಡರು, ಅಲ್ಲ, ಕೇಳಿ, ಅವನ ಹೃದಯಕ್ಕೆ ಏನೂ ಆಗಿರಲಿಲ್ಲ, ಬರೀ ನೀರು, ನೀರು ಕೊಟ್ಟಿದ್ದರೆ — ನನಗೇ ಕೇಳಿಸುತ್ತಿಲ್ಲ, ರೇಡಿಯೊದವನು ಬೆನ್ನು ತಟ್ಟುತ್ತಿದ್ದಾನೆ, ನಿಮಿಷ ಆಯ್ತು ಸರ್, ಅದ್ಭುತವಾಗಿ ಹೇಳಿದ್ರಿ, ಪರ್ಸಿ ತನ್ನ ಹಿಡಿ ಬಿಚ್ಚಿ ನನ್ನ ಕೊರಳಿಗೆ ಹಾಕುತ್ತಿದ್ದಾನೆ, ಇಡೀ ಮೈದಾನ ನಿಂತಿದೆ, ಅವಳೊಬ್ಬಳು ಕೂತಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ, ತುಟಿ ನಿಂತಿದೆ, ಎರಡು ಬೆರಳು ಕೊರಳಿನಿಂದ ಇಷ್ಟು ದೂರ ಬಂದು ಗಾಳಿಯಲ್ಲಿವೆ, ಎಲ್ಲಿಡಬೇಕೆಂದು ತಿಳಿಯದೆ, ಆ ಎರಡು ಬೆರಳು, ಗಾಳಿಯಲ್ಲಿ, ಎರಡು ಬೆರಳು