ಗುಡಿಯೊಳಗೆ ಊರಿದ ಕಾಲು

ಪರದೆಯ ಮೇಲೆ ಫಕೀರವ್ವನ ಬಲಗಾಲು ಬಸವಣ್ಣನ ಗುಡಿಯ ಮೆಟ್ಟಿಲಿನಿಂದ ಮೇಲೆದ್ದಿತು. ಮರುಕ್ಷಣ ಆ ಕಾಲು ಗುಡಿಯೊಳಗಿನ ಕರಿಗಲ್ಲಿನ ನೆಲದ ಮೇಲೆ ಊರಿತು. ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದ ಸಮುದಾಯ ಭವನದಲ್ಲಿ ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿದ್ದ ಗುಡಿ ಕಮಿಟಿಯ ಹಿರಿಯ ಶಂಭುಲಿಂಗಪ್ಪ ಹಿಂದಕ್ಕೆ ತಿರುಗಿ, ಎಲ್ಲರಿಗೂ ಕಾಣುವಂತೆ ನಕ್ಕ.

ಕೊನೆಯ ಸಾಲಿನಲ್ಲಿ ಕೂತಿದ್ದ ಫಕೀರವ್ವ ಮಗಳ ಮೊಣಕೈ ಹಿಡಿದು ಜಗ್ಗಿದಳು.

"ರಾಜೀ, ನಾ ಯಾವಾಗ ಒಳಗ ಹೋಗಿದ್ನಿ?"

ರಾಜೇಶ್ವರಿಗೆ ಮೈಯೆಲ್ಲ ಉರಿದಂತಾಯಿತು. ಅವ್ವ ಒಳಗೆ ಹೋಗಿರಲಿಲ್ಲ. ಗುಡಗೇರಿ ಸ್ಟೇಶನ್ನಿಗೆ ಹತ್ತಿರದ ಈ ಊರಿನಲ್ಲಿ ಅವರ ದಲಿತ ಓಣಿಯವರು ಯಾರೂ ಇವತ್ತಿಗೂ ಆ ಗುಡಿಯ ಹೊಸ್ತಿಲು ದಾಟಿಲ್ಲ. ಹೋದ ತಿಂಗಳು ಸಂಗನಬಸವ ಬಂದು, "ಅವ್ವಾ, ಸಿನಿಮಾದಾಗ ನೀವು ಇರಬೇಕ ನೋಡ್ರಿ" ಎಂದು ಕರೆದಿದ್ದ. ಅವನು ಹೈಸ್ಕೂಲಿನಲ್ಲಿ ರಾಜೇಶ್ವರಿಯ ಜೊತೆ ಓದಿದವನು. ಈಗ ಬ್ಯಾಂಕಿನಲ್ಲಿ ನೌಕರಿ, ರಜೆ ಬಂದರೆ ಕ್ಯಾಮೆರಾದ ಹುಚ್ಚು. ಭೇದಭಾವ ಇಲ್ಲದ ಊರುಗಳ ಬಗ್ಗೆ ಯಾವುದೋ ಸಂಸ್ಥೆ ಕಿರುಚಿತ್ರ ಸ್ಪರ್ಧೆ ಇಟ್ಟಿತ್ತು; ಅದಕ್ಕೆ ಅವನು ಈ ಚಿತ್ರ ಮಾಡುತ್ತಿದ್ದ. ಫಕೀರವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಹೋಗಿದ್ದಳು. ಮೆಟ್ಟಿಲು ಹತ್ತುತ್ತಿದ್ದಂತೆ ಒಳಗಿನಿಂದ ಶಂಭುಲಿಂಗಪ್ಪ, "ಅಷ್ಟ ಸಾಕು, ಅಲ್ಲೇ ನಿಂದ್ರು" ಎಂದಿದ್ದ. ಹುಬ್ಬಳ್ಳಿಯಲ್ಲಿದ್ದ ಮಗಳಿಗೆ ಅವ್ವ ಫೋನಿನಲ್ಲಿ ಹೇಳಿದ್ದು ಅಷ್ಟೇ. ಮುಂದೆ ಕೇಳಿದರೆ, "ಬಿಡು, ಹೊಸಾದೇನಲ್ಲ" ಎಂದಿದ್ದಳು.

ಇದನ್ನು ಹೇಗೆ ಮಾಡಿದ್ದಾರೆಂದು ರಾಜೇಶ್ವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಕಾಲೇಜಿನಲ್ಲಿ ಕಲಿಸುವುದೇ ಸಿನಿಮಾದ ಇತಿಹಾಸ. ಸಿನಿಮಾ ಹುಟ್ಟಿದ ಹೊಸದರಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತು, ಎದುರಿಗೆ ನಡೆದದ್ದನ್ನೆಲ್ಲ ನಾಟಕದಂತೆ ನೋಡುತ್ತಿತ್ತು. ತುಂಡು ತುಂಡಾಗಿ ತೆಗೆದು ಅಂಟಿಸತೊಡಗಿದಾಗ ಮೊದಮೊದಲು ಬೆಸುಗೆ ಎದ್ದು ಕಾಣುತ್ತಿತ್ತು. ಒಬ್ಬ ಬಾಗಿಲು ದಾಟುವುದನ್ನು ಹೊರಗಿನಿಂದ ಒಮ್ಮೆ, ಒಳಗಿನಿಂದ ಇನ್ನೊಮ್ಮೆ ತೋರಿಸಿ, ಅವನು ಎರಡು ಸಲ ದಾಟಿದಂತೆ ಮಾಡುತ್ತಿದ್ದರು. ಆಮೇಲೆ ಮೆಲ್ಲಗೆ ಕಲಿತರು: ಚಲನೆಯ ನಡುವೆಯೇ ಕತ್ತರಿಸಬೇಕು, ಎಡದಿಂದ ಬಲಕ್ಕೆ ಹೊರಟವನು ಮುಂದಿನ ತುಣುಕಿನಲ್ಲೂ ಹಾಗೇ ಬರಬೇಕು, ಒಬ್ಬಳು ತಲೆಯೆತ್ತಿದರೆ ಅವಳು ಕಂಡದ್ದನ್ನು ಕೂಡಲೇ ತೋರಿಸಬೇಕು. ಹಾಗೆ ಮಾಡಿದರೆ ಕತ್ತರಿ ಬಿದ್ದದ್ದೇ ಕಣ್ಣಿಗೆ ತಿಳಿಯುವುದಿಲ್ಲ. ಬೇರೆ ದಿನ, ಬೇರೆ ಜಾಗದಲ್ಲಿ ತೆಗೆದದ್ದು ಒಂದೇ ಉಸಿರಿನಲ್ಲಿ ನಡೆದಂತೆ ಕಾಣುತ್ತದೆ. ರಾಜೇಶ್ವರಿ ಈ ಪಾಠವನ್ನು ಪ್ರೀತಿಯಿಂದ ಮಾಡುತ್ತಿದ್ದಳು. ಆ ಜಾಣತನವನ್ನು ಇಲ್ಲಿ ಅವಳ ಅವ್ವನ ಕಾಲಿನ ಮೇಲೆ ಪ್ರಯೋಗಿಸಿದ್ದರು.

"ನಿಲ್ಲಸೋ ಅದನ್ನ!" ಅವಳು ಎದ್ದು ನಿಂತಳು. "ಸಂಗನಬಸವಾ, ಹಿಂದಕ್ಕ ಒಯ್ದು ಆ ಕಾಲು ಇನ್ನೊಮ್ಮೆ ತೋರಸು."

ಯಾರೋ ದೀಪ ಹಾಕಿದರು. ಹೊಗಳಿಕೆ ಬಂತೆಂದುಕೊಂಡ ಸಂಗನಬಸವ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಒಳಗಿನ ಕಲ್ಲಿನ ಮೇಲೆ ಊರಿದ ಪಾದದ ಬೆರಳಿಗೆ ಬೆಳ್ಳಿಯ ಕಾಲುಂಗುರ ಇತ್ತು.

"ನಮ್ಮಪ್ಪ ತೀರಿಕೊಂಡ ದಿನಾನ ನಮ್ಮವ್ವ ಕಾಲುಂಗುರ ತಗದಾಳ. ಇದು ಯಾರ ಕಾಲು?"

"ರಾಜೇಶ್ವರಿ, ಸಿನಿಮಾ ಅಂದ್ರ ಹಿಂಗ ಅಲ್ಲೇನು? ನೀನ ಕಲಸ್ತಿ," ಸಂಗನಬಸವ ನಗಲು ನೋಡಿದ. "ಊರಿಗೆ ಚಲೋ ಹೆಸರು ಬರ್ಲಿ ಅಂತ ಮಾಡೀನಿ. ಮುಂದ ಆಗೂದನ್ನ ಈಗ ತೋರಿಸೀವಿ, ಅದರಾಗ ತಪ್ಪೇನೈತಿ?"

"ಕಥಿ ಮಾಡಿದ್ರ ಯಾರ ಕಾಲಾದ್ರೂ ಜೋಡಸು, ನಾ ಕೇಳಂಗಿಲ್ಲ. ನೀ ನಮ್ಮವ್ವನ ಹೆಸರು ಹಾಕಿ, ಊರ ಹೆಸರು ಹಾಕಿ, ಇದು ಖರೇ ಅಂತ ಸಿನಿಮಾದ ಮೊದಲಿಗೆ ಬರದಿ. ತಡದದ್ದನ್ನ ಕತ್ತರಿಸಿ ಒಗದಿ!"

ಆಗ ಹೆಂಗಸರ ನಡುವಿನಿಂದ ಶಂಭುಲಿಂಗಪ್ಪನ ತಂಗಿ ಮಹಾದೇವಕ್ಕ ಎದ್ದಳು. ಅವಳು ಸಂಗನಬಸವನ ಕಡೆ ತಿರುಗಿದಳು.

"ಅದು ನನ್ನ ಕಾಲು. ಗುಡಿ ಚಿತ್ರ ತಗೀತೇನಿ, ಒಂದ ಸಲ ಕಾಲಿಟ್ಟು ಬರ್ರಿ ಅಂದಿ, ಇಟ್ಟೆ. ಫಕೀರವ್ವನ ಕಾಲಿನ ಬದ್ಲಿ ಅಂತ ನನಗ ಯಾಕ ಹೇಳ್ಲಿಲ್ಲೋ? ಸುಳ್ಳಿಗೆ ನಂದ ಕಾಲು ಬೇಕಾತೇನು ನಿನಗ?"

"ಕುಂದ್ರು ನೀ," ಶಂಭುಲಿಂಗಪ್ಪ ಗದರಿದ. ಆಮೇಲೆ ದನಿ ಇಳಿಸಿ ಫಕೀರವ್ವನ ಕಡೆ ತಿರುಗಿದ. "ಇಷ್ಟಕ್ಕ ಗದ್ದಲ ಯಾಕ? ಸೋಮವಾರ ಬಾರವ್ವ, ಕ್ಯಾಮೆರಾ ತಂದು ನಿನ್ನ ಖರೇನ ಒಳಗ ಕರಕೊಂಡು ಹೋಗೂಣು. ಮುಗೀತಲ್ಲ?"

ಅಲ್ಲಿಯವರೆಗೂ ಕೂತೇ ಇದ್ದ ಫಕೀರವ್ವ ಎದ್ದಳು.

"ಕ್ಯಾಮೆರಾ ಇದ್ರಷ್ಟ ಬಾಗಲಾ ತಗೀತೀರೇನ್ರಿ? ನೀವು ನಿಂದ್ರು ಅಂದದ್ದು ಎಲ್ಲೈತಿ? ಅದನ್ನ ತೋರಸ್ರಿ ಮೊದಲ."

ಸಂಗನಬಸವ ತಲೆ ತಗ್ಗಿಸಿದ. ಅದೆಲ್ಲ ಅಳಿಸಿ ಹೋಗಿದೆ ಎಂದ. "ಅಳಿಸಿಲ್ಲ," ಎಂದಳು ಮಹಾದೇವಕ್ಕ. "ಮೊನ್ನಿ ನಮ್ಮ ಮನ್ಯಾಗ ಕುಂತು ನಮ್ಮಣ್ಣಗ ತೋರಸ್ಲಿಲ್ಲೇನು? ಹಚ್ಚು."

ಬೇರೆ ದಾರಿ ಇರಲಿಲ್ಲ. ದೀಪ ಆರಿತು. ಈ ಸಲ ಕತ್ತರಿ ಎಲ್ಲೂ ಬೀಳಲಿಲ್ಲ. ಕಾಲು ಮೆಟ್ಟಿಲಿನಿಂದ ಎದ್ದಿತು. "ಅಷ್ಟ ಸಾಕು, ಅಲ್ಲೇ ನಿಂದ್ರು" ಎಂಬ ದನಿ ಕೇಳಿತು. ಕಾಲು ಗಾಳಿಯಲ್ಲೇ ನಿಂತಿತು, ಆಮೇಲೆ ಹಿಂದಕ್ಕೆ ಇಳಿಯಿತು. ಫಕೀರವ್ವ ಸೆರಗು ಸರಿಮಾಡಿಕೊಂಡಳು. ಎಲ್ಲಿ ನೋಡಬೇಕೆಂದು ತಿಳಿಯದೆ ಕ್ಯಾಮೆರಾವನ್ನೇ ನೋಡಿದಳು. ಆಗ ಕ್ಯಾಮೆರಾದ ಹಿಂದಿನಿಂದ ಸಂಗನಬಸವನ ಹುರುಪಿನ ದನಿ ಕೇಳಿತು: "ಚಲೋ ಬಂತ್ರಿ ಅವ್ವಾ, ಅಗದಿ ಚಲೋ ಬಂತು!"

ಶಂಭುಲಿಂಗಪ್ಪ ಎದ್ದು ಹೊರಗೆ ನಡೆದ. ಅವನ ಹಿಂದೆ ಒಂದಿಷ್ಟು ಗಂಡಸರು ಹೋದರು. ರಾಜೇಶ್ವರಿ ಆ ತುಣುಕನ್ನು ತನ್ನ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳುವವರೆಗೂ ಮಹಾದೇವಕ್ಕ ಲ್ಯಾಪ್‌ಟಾಪಿನ ಹತ್ತಿರವೇ ನಿಂತಿದ್ದಳು.

ಸ್ಪರ್ಧೆಗೆ ಆ ಚಿತ್ರ ಹೋಗಲಿಲ್ಲ. ಸೋಮವಾರ ತಾಯಿ ಮಗಳು ತಾಲೂಕಿನ ಪೊಲೀಸ್ ಠಾಣೆಗೆ ಹೋದರು. ಅಷ್ಟರೊಳಗೆ ಊರಿನ ಹಿರಿಯರು ಎರಡು ಸಲ ಮನೆಗೆ ಬಂದು, "ಸಿನಿಮಾ ಸ್ಪರ್ಧೆಯಿಂದ ಹಿಂದಕ್ಕ ತಗೊಂಡೇವಲ್ಲ, ಇನ್ನೇನು ಬೇಕು" ಎಂದು ಕೇಳಿ ಹೋಗಿದ್ದರು. ಸಂಗನಬಸವ ಫೋನು ಮಾಡಿ, ನನ್ನ ನೌಕರಿಗೆ ಕುತ್ತು ತರಬೇಡ ಎಂದು ಬೇಡಿಕೊಂಡಿದ್ದ. ಅವ್ವನಿಗೆ ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ರಾಜೇಶ್ವರಿ ಫೋನಿಟ್ಟಳು.

ಠಾಣೆಯಲ್ಲಿ ಫೌಜದಾರ ತುಣುಕನ್ನು ಪೂರ್ತಿ ನೋಡಿದ. ಆಮೇಲೆ ಪೆನ್ನು ತೆಗೆದು ಕೇಳಿದ, "ಅಂದ್ರ ಆ ಗುಡಿಯೊಳಗ ಹೋಗಬೇಕಂತ ನಿಮಗ ಆಸೆ ಐತಿ, ಹೌದಲ್ರಿ?"

"ಹೋಗ್ತೇನೋ ಬಿಡ್ತೇನೋ, ಅದು ನನಗ ಬಿಟ್ಟದ್ದು ಸಾಹೇಬ್ರ," ಎಂದಳು ಫಕೀರವ್ವ. "ನನ್ನ ತಡದಾರ. ಅದನ್ನ ಬರಕೋರಿ."

ಅವನು ಬರೆದುಕೊಂಡ. ಬರೆದದ್ದನ್ನು ಅವಳು ಮಗಳ ಕೈಲಿ ಓದಿಸಿ ಕೇಳಿ, ಒಂದು ಕಡೆ 'ಆಸೆ' ಎಂದಿದ್ದನ್ನು ತಿದ್ದಿಸಿ, ಸಹಿ ಮಾಡಿದಳು.