ಹದ್ದಿನ ಎಡರೆಕ್ಕೆ

ಮುದುಕ ವೆಂಡೆಲಿನ್‌ನ ಮನೆಯಲ್ಲಿ ಯಾರೂ ಮುಟ್ಟಬಾರದ ವಸ್ತು ಒಂದಿತ್ತು. ಅವನ ಅಜ್ಜ ಹಳೆಯ ಜರ್ಮನಿಯ ಪ್ರಷ್ಯ ರಾಜ್ಯದ ಸೈನ್ಯದಲ್ಲಿ ಹಾಕಿಕೊಳ್ಳುತ್ತಿದ್ದ, ನೆತ್ತಿಯ ಮೇಲೆ ಮೊನೆಯಿದ್ದ ಚರ್ಮದ ಹೆಲ್ಮೆಟ್ಟು. ಅದರ ಹಣೆಗೆ ರೆಕ್ಕೆ ಬಿಚ್ಚಿದ ಹಿತ್ತಾಳೆಯ ಹದ್ದು. ಇಂಥ ಹಿತ್ತಾಳೆಗೆ ನೂರು ವರ್ಷದ ಕಂದು ಬಣ್ಣವೇ ಮಾನ. ಅದನ್ನು ತಿಕ್ಕಿ ಬೆಳಗಿದವನನ್ನು ಅವನ ಊರು ನೌಮ್‌ಬುರ್ಗಿನ ಹಳೆ ವಸ್ತುಗಳ ಸಂಗ್ರಾಹಕರು ಕೊಲೆಗಾರನಂತೆ ನೋಡುತ್ತಾರೆ.

ಈ ಹದ್ದಿನ ಬಲರೆಕ್ಕೆ ಕಂದು, ಎಡರೆಕ್ಕೆ ಹಳದಿ. ಅದು ಅವನ ಹೆಂಡತಿ ಗೆರ್ಲಿಂಡೆಯ ಕೆಲಸ. ಬಾಗಿಲ ಹಿಡಿಯಿಂದ ಚಮಚದವರೆಗೆ ಎಲ್ಲವನ್ನೂ ಫಳಫಳ ಎನ್ನಿಸುತ್ತಿದ್ದ ಆ ಮಹಾತಾಯಿ, ಇಪ್ಪತ್ತು ವರ್ಷದ ಹಿಂದೆ ಗಂಡನ ಹುಟ್ಟುಹಬ್ಬಕ್ಕೆಂದು ಹದ್ದಿಗೂ ಕೈ ಹಾಕಿದ್ದಳು. ಎಡರೆಕ್ಕೆ ಮುಗಿದು ಕೊರಳ ಹತ್ತಿರ ಬರುವಷ್ಟರಲ್ಲಿ ವೆಂಡೆಲಿನ್ ನೋಡಿ ಕಿರುಚಿದ.

"ನಿನ್ನ ಹದ್ದೇನು ಹಾರಿಹೋಗ್ಲಿಲ್ವಲ್ಲ, ಯಾಕೆ ಬೊಬ್ಬೆ ಹೊಡೀತೀಯಾ?" ಎಂದಿದ್ದಳು ಅವಳು. ಆಮೇಲೆ ಆ ರೆಕ್ಕೆ ಕಂಡಾಗಲೆಲ್ಲ ಇಬ್ಬರಿಗೂ ನಗು.

ಅವಳು ತೀರಿಕೊಂಡು ಮೂರು ಚಳಿಗಾಲ ಕಳೆದಿದ್ದವು. ಅವಳು ಮಾಡುತ್ತಿದ್ದ ಪ್ಲಮ್ ಕೇಕು ಈಗ ಬೇಕರಿಯಿಂದ ಬರುತ್ತಿತ್ತು. ಅಂಗಡಿಯವಳಿಗೆ "ಒಂದೇ ತುಂಡು ಸಾಕಮ್ಮ" ಎನ್ನುವುದೇ ಎಷ್ಟೋ ದಿನ ಅವನು ಆಡುತ್ತಿದ್ದ ಒಂದೇ ಮಾತು. ಒಂಟಿತನ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಅದಕ್ಕೇ ಸಂಗ್ರಾಹಕರ ಸಂಘದ ಬುರ್ಕ್‌ಹಾರ್ಡ್ ಮನೆಗೆ ಬಂದಾಗ ಅವನ ಜೀವ ಅರಳಿತು.

"ಏನಯ್ಯಾ ಇದು, ಒಂದು ರೆಕ್ಕೆ ಮದುವೆಗೆ, ಇನ್ನೊಂದು ಸಾವಿನ ಮನೆಗೆ ಹೊರಟ ಹಾಗಿದೆ!" ಎಂದು ನಕ್ಕ ಬುರ್ಕ್‌ಹಾರ್ಡ್, ಜೇಬಿನಿಂದ ಸಣ್ಣ ಶೀಶೆ ತೆಗೆದ. "ಗಂಧಕದ ನೀರು. ಸವರಿದ್ರೆ ಹಳದಿ ರೆಕ್ಕೆನೂ ಕಂದಾಗಿ ಎರಡೂ ಒಂದೇ ಬಣ್ಣ. ಈ ಅವತಾರದಲ್ಲಿ ಸಂಘದ ಪ್ರದರ್ಶನಕ್ಕೆ ತಗೊಳಲ್ಲ ಮಾರಾಯ. ಬಣ್ಣ ಸರಿ ಮಾಡು, ಅಲ್ಲಿ ವಾರವಿಡೀ ನಮ್ಮ ಜೊತೆ ಮೇಜಲ್ಲಿ ಕೂತ್ಕೋ. ಇಲ್ಲಿ ಒಬ್ನೇ ಕೂತು ಕೊಳೀತಿದೀಯ."

ವೆಂಡೆಲಿನ್‌ಗೆ ಆಸೆಯಾಯಿತು. "ಸರಿ, ಸವರು" ಎಂದುಬಿಟ್ಟ.

ಬುರ್ಕ್‌ಹಾರ್ಡ್ ಹೆಲ್ಮೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದ. "ಈ ಹಳದಿ ರೆಕ್ಕೆ ಆಗ್ಲೇ ಮಂಕಾಗ್ತಾ ಇದೆ. ಉಜ್ಜಿ ಎರಡು ಮೂರು ವರ್ಷ ಆಯ್ತೇನೋ, ಅಲ್ವಾ?"

"ಇಪ್ಪತ್ತು ವರ್ಷ ಆಯ್ತು."

"ಹಿತ್ತಾಳೆ ನೋಡ್ತಾ ನೋಡ್ತಾ ಮುದುಕ ಆದೆ, ನನಗೇ ಹೇಳ್ತೀಯಾ? ಇಪ್ಪತ್ತು ವರ್ಷ ಬಿಟ್ಟಿದ್ರೆ ಇದು ಯಾವತ್ತೋ ಕಪ್ಪಾಗ್ತಿತ್ತು. ಯಾರೋ ಉಜ್ತಾನೇ ಇದ್ರು."

ವೆಂಡೆಲಿನ್ ಹೆಲ್ಮೆಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ರೆಕ್ಕೆಯನ್ನೇ ನೋಡಿದ. ಮನೆಯಲ್ಲಿ ಹೊಳೆಯುವುದೆಲ್ಲ ತಾನಾಗಿಯೇ ಹೊಳೆಯುತ್ತದೆ ಎಂಬುದು ಗಂಡಸರ ಹಳೆಯ ಭ್ರಮೆ. ಊರವರ ಹಿತ್ತಾಳೆಯ ವಯಸ್ಸು ಹೇಳುತ್ತಿದ್ದವನಿಗೆ ತನ್ನ ಮನೆಯ ಹದ್ದು ಯಾಕೆ ಕಪ್ಪಾಗಲಿಲ್ಲ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಮನೆಯಲ್ಲಿಲ್ಲದಾಗ ಗೆರ್ಲಿಂಡೆ ಕದ್ದು ಕದ್ದು ಬೆಳಗಿದ್ದಳು, ಅವನು ನಗಲಿ ಎಂದು.

"ಶೀಶೆ ಮುಚ್ಚು" ಎಂದ.

"ಪ್ರದರ್ಶನ?"

"ನಾನು ಬರಲ್ಲ ಕಣೋ."

ಬುರ್ಕ್‌ಹಾರ್ಡ್ ಗೊಣಗುತ್ತ ಹೋದ. ವೆಂಡೆಲಿನ್ ಅಡುಗೆಮನೆಯ ಸಿಂಕಿನ ಕೆಳಗೆ ತಡಕಾಡಿ ಅವಳ ಬಟ್ಟೆಯ ಚೂರನ್ನೂ ಪಾಲಿಶ್ ಡಬ್ಬಿಯನ್ನೂ ತಂದ. ಜೀವಮಾನದಲ್ಲಿ ಮೊದಲ ಸಲ ಹದ್ದನ್ನು ಉಜ್ಜಿದ, ಎಡರೆಕ್ಕೆಯನ್ನು ಮಾತ್ರ. ಕೊರಳು ಬಂದಲ್ಲಿ ಕೈ ನಿಲ್ಲಿಸಿ, ಯಾರಾದರೂ ಬಂದು ಕಿರುಚಲಿ ಎಂದು ಕಾಯುತ್ತ ಕೂತ.