ಮೇಲ್ಮನೆಯವನ ಮೊಣಕಾಲು

ಹದಿನೆಂಟು ಮಹಡಿಯ ಕಟ್ಟಡ ಏಳುತ್ತಿದ್ದ ಆ ಜಾಗದಲ್ಲಿ ಎಲ್ಲರೂ ಅವನನ್ನು ಮೇಲ್ಮನೆಯಣ್ಣ ಎಂದೇ ಕರೆಯುತ್ತಿದ್ದರು. ಅರವತ್ತು ಮೀಟರ್ ಎತ್ತರದ ಟವರ್ ಕ್ರೇನಿನ ತುದಿಯಲ್ಲಿ, ಒಬ್ಬನೇ ಕೂರುವಷ್ಟು ಜಾಗವಿದ್ದ ಗಾಜಿನ ಗೂಡಿನಲ್ಲಿ, ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಅವನ ವಾಸ. ಆ ಹೆಸರಿಟ್ಟವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಕೆಳಗೆ ನಿಂತು ಸರಕಿಗೆ ಕೊಕ್ಕೆ ಹಾಕಿಸಿ, ಎತ್ತಿ, ಇಳಿಸಿ, ಎಡಕ್ಕೆ ತಿರುಗಿಸಿ ಎಂದು ವಾಕಿಟಾಕಿಯಲ್ಲಿ ಹೇಳುವುದು ಬಾಮೈದನ ಕೆಲಸ. "ನೀವು ಮೇಲ್ಮನೆ, ನಾವು ಕೆಳಮನೆ. ಇಬ್ರೂ ಒಪ್ಪಿದ್ರೇನೇ ಏನಾದ್ರೂ ಪಾಸಾಗೋದು, ಅಲ್ವಾ ಭಾವ?" ಎನ್ನುತ್ತಿದ್ದ. ಬಾಮೈದನಿಗೆ ಎತ್ತರವೆಂದರೆ ಪ್ರಾಣಸಂಕಟ. ಮನೆಯಲ್ಲಿ ಬಲ್ಬ್ ಹೋದರೆ ಕುರ್ಚಿ ಹತ್ತುವವಳು ಅವನ ಹೆಂಡತಿ.

ಕ್ರೇನಿನ ಕಂಬ ಒಳಗೆ ಟೊಳ್ಳು. ಅದರೊಳಗೆ ನೆಟ್ಟಗೆ ನಿಂತ ಏಣಿ, ಇನ್ನೂರು ಚಿಲ್ಲರೆ ಮೆಟ್ಟಿಲು. ಆರು ಮೀಟರಿಗೊಂದರಂತೆ, ನಿಂತು ಉಸಿರು ಬಿಡಲು ಕಬ್ಬಿಣದ ಜಾಲರಿಯ ಅಟ್ಟ. ಇಂಥ ಏಣಿಗಳನ್ನು ಅವನು ಇಪ್ಪತ್ತೆರಡು ವರ್ಷ ಹತ್ತಿ ಇಳಿದಿದ್ದ. ಐವತ್ತು ತುಂಬಿದ ವರ್ಷ ಬಲ ಮೊಣಕಾಲು ತಕರಾರು ತೆಗೆಯಿತು. ಹತ್ತುವಾಗ ಅಷ್ಟಿಲ್ಲ. ಇಳಿಯುವಾಗ ಒಳಗೆ ಯಾರೋ ಮೊಳೆ ಹೊಡೆದ ಹಾಗೆ.

ಅವನು ಯಾರಿಗೂ ಹೇಳಲಿಲ್ಲ. ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳಿ ತಂದ. ದಿನಕ್ಕೆ ಒಂದು ಸಾಲದೆ ಎರಡಾಯಿತು. ನೋವು ತಗ್ಗುತ್ತಿತ್ತು, ಜೊತೆಗೆ ಕಣ್ಣೂ ಎಳೆಯುತ್ತಿತ್ತು.

ಒಂದು ಮಧ್ಯಾಹ್ನ, ಊಟವಾದ ಮೇಲೆ, ಒಂದು ಟನ್ ತೂಕದ ಕಬ್ಬಿಣದ ಸರಳಿನ ಕಟ್ಟು ಕೊಕ್ಕೆಯಲ್ಲಿ ತೂಗುತ್ತಿತ್ತು. ಅದನ್ನು ಒಂಬತ್ತನೆಯ ಮಹಡಿಗೆ ಒಯ್ಯಬೇಕು. ಅವನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು. ಎಷ್ಟು ಹೊತ್ತು ಮುಚ್ಚಿತ್ತೋ ಅವನಿಗೇ ಗೊತ್ತಿಲ್ಲ. ಎಚ್ಚರವಾದದ್ದು ಕಿವಿಯಲ್ಲಿ ಸಿಡಿದ ಕೂಗಿಗೆ. "ಭಾವಾ, ನಿಲ್ಸಿ! ನಿಲ್ಸೀ!"

ನಿಲ್ಲಿಸಿದ. ಕಾಲಡಿಯ ಗಾಜಿನಲ್ಲಿ ಕೆಳಗೆ ನೋಡಿದ. ಮೇಲೇರಬೇಕಿದ್ದ ಸರಳಿನ ಕಟ್ಟು ಕೆಳಗಿಳಿದು, ಗಾರೆ ಕೆಲಸದ ಒಬ್ಬ ಹೆಂಗಸಿನ ನೆತ್ತಿಯಿಂದ ಒಂದು ಮೊಳ ಮೇಲೆ ಅತ್ತಿತ್ತ ತೂಗುತ್ತಿತ್ತು. ಅವಳು ಬಗ್ಗಿ ಸಿಮೆಂಟ್ ಕಲಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಏನಾಯ್ತು ಭಾವ?"

"ಗಾಳಿ ಕಣೋ."

ಆ ದಿನ ಒಂದು ಎಲೆಯೂ ಅಲುಗಿರಲಿಲ್ಲ.

ಸಂಜೆ ಮಾತ್ರೆಯ ಪಟ್ಟಿಯನ್ನು ಅವನು ಮೋರಿಗೆಸೆದ. ಮರುದಿನದಿಂದ ನೋವು ಬಡ್ಡಿ ಸಮೇತ ವಾಪಸು ಬಂತು. ಅದನ್ನು ಹೇಗೋ ಹಲ್ಲು ಕಚ್ಚಿ ಸಹಿಸಬಹುದಿತ್ತು. ಸಹಿಸಲಾಗದ್ದು ಹೆದರಿಕೆ. ಬಗ್ಗಿದ ಆ ನೆತ್ತಿ ಅನ್ನ ಕಲಸುವಾಗ ತಟ್ಟೆಯಲ್ಲೂ ಕಾಣಿಸುತ್ತಿತ್ತು.

ಗುಟ್ಟು ಮನೆಯಲ್ಲಿ ರಟ್ಟಾದದ್ದು ಮೆಟ್ಟಿಲ ದೆಸೆಯಿಂದ. ಮೂರನೆಯ ಮಹಡಿಯ ಬಾಡಿಗೆ ಮನೆ. ಒಂದು ಭಾನುವಾರ ಅವನು ಕಂಬಿ ಹಿಡಿದು, ಬೆನ್ನು ಮುಂದೆ ಮಾಡಿ ಇಳಿಯುತ್ತಿದ್ದಾಗ ಹೆಂಡತಿ ಕೆಳಗಿನಿಂದ ತರಕಾರಿ ಚೀಲ ಹಿಡಿದು ಬಂದಳು.

"ಏನ್ರೀ ಇದು? ಏಡೀನಾದ್ರೂ ಅಡ್ಡಡ್ಡ ಹೋಗುತ್ತೆ, ನೀವು ಹಿಂದೆ ಹಿಂದೆ ಹೋಗ್ತಿದೀರಲ್ಲ!"

ನಗಿಸಲು ಹೇಳಿದವಳು ಗಂಡನ ಮುಖ ನೋಡಿ ಚೀಲ ಕೆಳಗಿಟ್ಟಳು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ನೋವಿರುವವರು ಮೆಟ್ಟಿಲಿಳಿಯುವುದನ್ನು ದಿನವೂ ನೋಡುತ್ತಿದ್ದಳು. ಆ ವಾರವೇ ರಜೆ ಹಾಕಿಸಿ ಅಲ್ಲಿನ ಫಿಸಿಯೋಥೆರಪಿ ಕೋಣೆಗೆ ಅವನನ್ನು ಎಳೆದೊಯ್ದಳು.

ಫಿಸಿಯೋ ಮೇಡಂ ನಲವತ್ತರ ಆಸುಪಾಸಿನವರು. ಅವನ ಕಾಲನ್ನು ಮಡಿಸಿ, ಚಾಚಿ, ತೊಡೆ ಒತ್ತಿ ನೋಡಿದರು.

"ಕೆಲಸ ಏನು ನಿಮ್ದು?"

"ಕೂತ್ಕೊಂಡು ಮಾಡೋ ಕೆಲಸ ಮೇಡಂ."

ಹೆಂಡತಿ ತಟ್ಟನೆ ಅವನತ್ತ ತಿರುಗಿದಳು. ಅವನು ಗೋಡೆಯ ಗಡಿಯಾರ ನೋಡಿದ.

"ಹಾಗಾದ್ರೆ ಸರಿ. ಕೀಲು ಸ್ವಲ್ಪ ಸವೆದಿರೋ ಹಾಗಿದೆ. ಆದ್ರೆ ತೊಡೆ ನೋಡಿ, ಬಲ ಕಳ್ಕೊಂಡಿದೆ. ತೊಡೆ ಹೊರಬೇಕಾದ ಭಾರಾನ ಪಾಪ ಮೊಣಕಾಲು ಹೊರ್ತಿದೆ. ತೊಡೆಗೆ ಬಲ ಬರಿಸೋಣ" ಎಂದರು. ಟವೆಲ್ ಸುರುಳಿ ಮಾಡಿ ಮೊಣಕಾಲ ಕೆಳಗಿಟ್ಟು ಐದು ಎಣಿಸುವವರೆಗೆ ಒತ್ತುವುದು, ಕಾಲನ್ನು ನೇರ ಇಟ್ಟು ಒಂದು ಗೇಣು ಎತ್ತಿ ಹಿಡಿಯುವುದು, ಮಲಗಿ ಹಿಮ್ಮಡಿಯನ್ನು ಮೆಲ್ಲಗೆ ಎಳೆದು ದೂಡುವುದು, ಇಷ್ಟನ್ನು ಮಾಡಿಸಿ ತೋರಿಸಿದರು. ಬೆಳಿಗ್ಗೆ ಕಾಲು ಗಂಟೆ ಬಿಸಿ ಶಾಖ. ಸಮತಟ್ಟಾದ ನೆಲದ ಮೇಲೆ ನಡಿಗೆ. ಹೊಟ್ಟೆ ಇಳಿಯಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಾರದು. "ಏಣಿಗೀಣಿ ಆರು ವಾರ ಬೇಡವೇ ಬೇಡ. ಕಾಲು ಸಿಕ್ಕಿಹಾಕ್ಕೊಂಡ್ರೆ, ಇದ್ದಕ್ಕಿದ್ದ ಹಾಗೆ ಕುಸಿದ್ರೆ, ನನ್ನ ಹತ್ರ ಬರಬೇಡಿ, ನೇರ ಡಾಕ್ಟರ್ ಹತ್ರ ಹೋಗಿ."

ಹೊರಗೆ ಬಂದ ಮೇಲೆ ಹೆಂಡತಿ ಹೇಳಿದಳು, "ಕೂತ್ಕೊಂಡು ಮಾಡೋ ಕೆಲಸ ಅಂತೆ! ಕೂರೋ ಜಾಗ ಎಲ್ಲಿದೆ ಅಂತಾನೂ ಹೇಳ್ಬೇಕಿತ್ತು."

"ಹೇಳಿದ್ರೆ ನಾಳೆಯಿಂದ ಅಲ್ಲಿ ಬೇರೆಯವ್ರು ಕೂತಿರ್ತಾರೆ. ನನಗೆ ಬೇರೆ ಏನು ಬರುತ್ತೆ ಹೇಳು?"

ಅವಳು ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಅವನ ಮೊಣಕಾಲಿಗೆ ಸುತ್ತಿದಳು. ಬಿಸಿಬಟ್ಟೆ ಹಿಡಿದು ಅಭ್ಯಾಸವಾದ ಕೈ, ಎಷ್ಟು ಸುಡಬೇಕೋ ಅಷ್ಟೇ ಸುಡುತ್ತಿತ್ತು. ಅವನು ಐದು ಎಣಿಸಿ ಒತ್ತಿದ, ಬಿಟ್ಟ, ಒತ್ತಿದ. ಮೂರು ವಾರ ಒಂದು ದಿನವೂ ತಪ್ಪಲಿಲ್ಲ. ನೋವು ನಿಜವಾಗಿಯೂ ತಗ್ಗುತ್ತ ಬಂತು. ಆದರೆ ಬೆಳಿಗ್ಗೆ ಕಟ್ಟಿದ್ದನ್ನು ಏಳು ಗಂಟೆಗೆ ಏಣಿ ಕೆಡವುತ್ತಿತ್ತು. ಹಗಲಲ್ಲಿ ಇಳಿಯುವ ಪ್ರಮೇಯವೇ ಬರದಿರಲಿ ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ. ಇಳಿಯುವಾಗ ಕೀಲಿನೊಳಗೆ ಕಟ್ ಎನ್ನುವ ಸದ್ದು ಕೇಳಿದಾಗಲೆಲ್ಲ ಎರಡೂ ಕೈಯಿಂದ ಏಣಿಯನ್ನು ತಬ್ಬಿ ನಿಲ್ಲುತ್ತಿದ್ದ. ಏಣಿಯ ಮೇಲಿರುವಾಗ ಕೆಳಗೆ ನೋಡುವುದನ್ನು ಬಿಟ್ಟಿದ್ದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ನಾಲ್ಕನೆಯ ವಾರದ ಬುಧವಾರ, ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಯಿತು. ಗೂಡಿನೊಳಗಿನ ಗಾಳಿಮಾಪಕದ ಅಂಕಿ ಮಿತಿ ದಾಟಿ ಕೆಂಪಾಯಿತು.

"ಮೇಲ್ಮನೆ, ಎಂಜಿನಿಯರ್ ಸಾಹೇಬ್ರು ಇಳೀರಿ ಅಂತಿದಾರೆ. ಬೇಗ."

ಅವನು ಕೊಕ್ಕೆ ಖಾಲಿ ಮಾಡಿ ಮೇಲಕ್ಕೆಳೆದ. ಗಾಳಿ ದೂಡಿದ ಕಡೆಗೆ ಕ್ರೇನು ತಾನೇ ತಿರುಗಲಿ ಎಂದು ತಿರುಗುಬ್ರೇಕನ್ನು ಬಿಡಿಸಿದ. ಹಾಗೆ ಬಿಡದಿದ್ದರೆ ಗಾಳಿ ಕ್ರೇನನ್ನೇ ಮುರಿದು ಹಾಕುತ್ತದೆ. ಬೆಲ್ಟ್ ಬಿಗಿದು ಇಳಿಯತೊಡಗಿದ. ನೆಲದಿಂದ ಆರನೆಯ ಅಟ್ಟ ದಾಟಿ ಮೂರು ಮೆಟ್ಟಿಲಿಳಿದಿದ್ದನಷ್ಟೆ. ಎಡಗಾಲನ್ನು ಕೆಳಗಿಳಿಸಲು ಬಲಗಾಲನ್ನು ಮಡಿಸಿದ. ಮಡಿಸಿದ್ದು ಮಡಿಸಿದ ಹಾಗೇ ಉಳಿಯಿತು. ಬಾಗಿಲಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಂತೆ. ನೋವಿಗೆ ಕಣ್ಣು ಕತ್ತಲಿಟ್ಟಿತು.

ಮೊಣಕೈ ಊರಿ, ಒಂಟಿಕಾಲಿನಲ್ಲಿ ಮೈಯನ್ನು ಮೇಲಕ್ಕೆಳೆದುಕೊಂಡು, ಹೇಗೋ ಅಟ್ಟದ ಜಾಲರಿಯ ಮೇಲೆ ಬಿದ್ದ. ಬೆಲ್ಟಿನ ಕೊಕ್ಕೆಯನ್ನು ಕಂಬಿಗೆ ಹಾಕಿಕೊಳ್ಳುವಾಗ ಎರಡು ಸಲ ತಪ್ಪಿತು. ಕಂಬ ಇಡೀ ಜೀವವಿರುವ ಮರದ ಹಾಗೆ ತೊನೆಯುತ್ತಿತ್ತು. ತಲೆಯ ಮೇಲೆ ಕ್ರೇನಿನ ಉದ್ದ ತೋಳು ನರಳುತ್ತ ತಿರುಗುತ್ತಿತ್ತು. ಜಾಲರಿಯ ಕಣ್ಣುಗಳಲ್ಲಿ ನೆಲ ಕಾಣುತ್ತಿತ್ತು, ಅಲ್ಲಿ ಇರುವೆಯಷ್ಟು ಜನ.

"ಮೇಲ್ಮನೆ, ಎಲ್ಲಿದೀರಾ?"

"ಆರನೇ ಅಟ್ಟ. ಸ್ವಲ್ಪ ಕೂತಿದೀನಿ."

"ಅದೇನು ಬಸ್‌ಸ್ಟ್ಯಾಂಡಾ ಕೂತ್ಕೊಳ್ಳೋಕೆ?" ಎಂದ ಬಾಮೈದ. ಆಮೇಲೆ ದನಿ ಬದಲಾಯಿತು. "ಭಾವ, ನಿಜ ಹೇಳಿ."

"ಕಾಲು ಸಿಕ್ಕಿಹಾಕ್ಕೊಂಡಿದೆ ಕಣೋ. ಬರ್ತಾ ಇಲ್ಲ."

ಅಗ್ನಿಶಾಮಕದವರಿಗೆ ಫೋನ್ ಹೋಯಿತು. ಬರಲು ಮುಕ್ಕಾಲು ಗಂಟೆ ಎಂದರು. ಆ ಮಾತು ಹೇಳಿ ವಾಕಿಟಾಕಿ ಮೌನವಾಯಿತು. ಅವನು ಕೂಗಿದ, ಉತ್ತರವಿಲ್ಲ. ಬಹಳ ಹೊತ್ತಾದ ಮೇಲೆ ಏಣಿಯಲ್ಲಿ ಕೊಕ್ಕೆ ಬದಲಿಸುವ ಟಣ್, ಟಣ್ ಸದ್ದು ಕೇಳಿಸಿತು. ಜಾಲರಿಯ ಕಿಂಡಿಯಲ್ಲಿ ಮೊದಲು ಹಳದಿ ಶಿರಸ್ತ್ರಾಣ, ಆಮೇಲೆ ಸುಣ್ಣದ ಹಾಗೆ ಬಿಳುಚಿದ ಬಾಮೈದನ ಮುಖ ಬಂತು. ಕಣ್ಣು ಮುಚ್ಚಿಕೊಂಡೇ ಇದ್ದ.

"ನಿನಗೆ ತಲೆ ಕೆಟ್ಟಿದೆಯೇನೋ!"

"ಬೈಬೇಡಿ. ಮಾತಾಡ್ಸಿದ್ರೆ ಬಿದ್ದೋಗ್ತೀನಿ. ಅಕ್ಕನಿಗೆ ಫೋನ್ ಮಾಡಿ ಏನಂತ ಹೇಳ್ಲಿ ನಾನು?" ಎಂದು ಜಾಲರಿಯ ಮೇಲೆ ತೆವಳಿ ಬಂದು ಭಾವನ ತೋಳು ಹಿಡಿದ. ಇಬ್ಬರ ಕೈಯೂ ಮಂಜುಗಡ್ಡೆ.

ಮೇಲ್ಮನೆಯಣ್ಣ ಜಾಕೆಟ್ ಬಿಚ್ಚಿ ಸುರುಳಿ ಸುತ್ತಿ ತನ್ನ ಮೊಣಕಾಲ ಕೆಳಗಿಟ್ಟ. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿ ಕೀಲಿನ ಮೇಲಿಟ್ಟ. ಬಲವಂತ ಮಾಡದೆ ಹಿಮ್ಮಡಿಯನ್ನು ಕೂದಲೆಳೆಯಷ್ಟು ದೂಡಿದ, ಅಷ್ಟೇ ಎಳೆದ. ಬಾಮೈದ ಕಣ್ಣು ಮುಚ್ಚಿಕೊಂಡೇ ಜೊತೆಗೆ ಎಣಿಸಿದ. ಎಷ್ಟನೆಯ ಸಲವೋ, ಒಳಗೆ ಏನೋ ಜಾರಿ, ಕಾಲು ಮೆಲ್ಲಗೆ ಚಾಚಿಕೊಂಡಿತು.

"ಮಳೆ ಶುರುವಾದ್ರೆ ಏಣಿ ಜಾರುತ್ತೆ, ಈಗ್ಲೇ ಹೋಗೋಣ. ನಾನು ಕೆಳಗಿರ್ತೀನಿ, ನಿಮ್ಮ ಪಾದ ಹಿಡಿದು ಮೆಟ್ಟಿಲ ಮೇಲೆ ಇಡ್ತೀನಿ" ಎಂದ ಬಾಮೈದ.

"ನಾನು ಬಿದ್ರೆ ನಿನ್ನ ಮೇಲೇ ಬೀಳ್ತೀನಿ."

"ಬೀಳಿ. ಮೆತ್ತಗಿದೀನಿ."

ನೋಯುವ ಕಾಲು ಮೊದಲು, ಆಮೇಲೆ ಒಳ್ಳೆಯ ಕಾಲು. ಪ್ರತಿ ಮೆಟ್ಟಿಲಿಗೂ ಕೊಕ್ಕೆ ತೆಗೆದು ಹಾಕಿ, ಪ್ರತಿ ಮೆಟ್ಟಿಲಿಗೂ ಹಿಮ್ಮಡಿಯ ಮೇಲೆ ಆ ತಣ್ಣನೆಯ ಕೈ. ಆರು ಅಟ್ಟ ಇಳಿಯಲು ಅರ್ಧ ಗಂಟೆ ಹಿಡಿಯಿತು. ನೆಲ ಮುಟ್ಟಿದೊಡನೆ ಬಾಮೈದ ಮರಳಿನ ರಾಶಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ಸುತ್ತ ಜನ ಸೇರಿದ್ದರು. ಅಗ್ನಿಶಾಮಕದ ಗಾಡಿ ಆಗಷ್ಟೇ ಗೇಟಿನೊಳಗೆ ಬರುತ್ತಿತ್ತು. ಎಂಜಿನಿಯರ್ ಒಳ್ಳೆಯ ಮನುಷ್ಯ, ತಾನೇ ದಾರಿ ತೋರಿಸಿದ. "ಗಾಳಿಗೆ ಕಾಲು ಉಳುಕಿತಾ?"

ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಗುಂಪಿನಲ್ಲಿ ಆ ಗಾರೆ ಕೆಲಸದ ಹೆಂಗಸೂ ಇದ್ದಳು, ಅವನಿಗಾಗಿ ಲೋಟದಲ್ಲಿ ನೀರು ಹಿಡಿದು.

"ಇಲ್ಲ ಸಾರ್. ಬಹಳ ದಿನದಿಂದ ಮೊಣಕಾಲು ಕೆಟ್ಟಿದೆ. ಮುಚ್ಚಿಟ್ಟಿದ್ದೆ" ಎಂದ. ಮಾತ್ರೆಯ ವಿಷಯವನ್ನೂ ಹೇಳಿದ, ರೆಪ್ಪೆ ಮುಚ್ಚಿದ್ದನ್ನು ಹೇಳಿದ, ಸರಳಿನ ಕಟ್ಟು ಎಲ್ಲಿ ನಿಂತಿತು ಎಂದೂ ಹೇಳಿದ.

"ಯಾವತ್ತಣ್ಣ?" ಎಂದಳು ಅವಳು.

ಹೇಳಿದ. ಅವಳ ಕೈ ತಾನಾಗಿ ನೆತ್ತಿಗೆ ಹೋಯಿತು. ಲೋಟವನ್ನು ಇಟ್ಟಿಗೆಯ ಮೇಲಿಟ್ಟು, ಅಲ್ಲೇ ನೆಲದಲ್ಲಿ ಕೂತಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಗೂಡಿನ ಕೀಲಿಯನ್ನು ಎಂಜಿನಿಯರ್ ಅವತ್ತೇ ಕೇಳಿ ಪಡೆದು, ಸದ್ಯಕ್ಕೆ ಬೇರೆ ಸೈಟಿನ ಆಪರೇಟರನ್ನು ಕರೆಸಿದ. ಸ್ಕ್ಯಾನ್ ನೋಡಿದ ಡಾಕ್ಟರು, ಮೊಣಕಾಲಿನೊಳಗಿನ ಮೆತ್ತೆಯ ಅಂಚು ಹರಿದಿದೆ, ಮೂರು ತಿಂಗಳು ವ್ಯಾಯಾಮ ಮಾಡಿ, ಮತ್ತೆ ಸಿಕ್ಕಿಕೊಂಡರೆ ಮಾತ್ರ ಆಪರೇಷನ್ ಯೋಚಿಸೋಣ ಎಂದರು. ಫಿಸಿಯೋ ಮೇಡಂಗೆ ಈ ಸಲ ಕೆಲಸದ ಹೆಸರು ಹೇಳಿದ. ಅವರು, "ನಾನು ವ್ಯಾಯಾಮ ಹೇಳಿಕೊಟ್ಟಿದ್ದು ನಿಮ್ಮ ಕಾಲಿಗೆ, ಅದೃಷ್ಟಕ್ಕಲ್ಲ. ಅದು ಪ್ರತಿ ಸಲ ಕೈ ಹಿಡಿಯುತ್ತೆ ಅನ್ಕೋಬೇಡಿ. ಮಲಗಿ" ಎಂದರು.

ಕಟ್ಟಡದ ಹಿಂಬದಿಗೆ ಬಾಮೈದನಂಥ ಇನ್ನೊಬ್ಬ ಸಿಗ್ನಲ್‌ನವನು ಬೇಕಿತ್ತು. ಆ ಕೆಲಸ ಅವನಿಗೆ ಸಿಕ್ಕಿತು. ಹೆಂಡತಿಯ ಜೊತೆ ಬೆಳಿಗ್ಗೆ ಮೈದಾನ ಸುತ್ತಿದ, ಶಾಖ ತಗೊಂಡ, ಒತ್ತಿದ, ಎತ್ತಿದ. ಹೊಟ್ಟೆ ಕರಗಿತು. ಮೂರು ತಿಂಗಳಲ್ಲಿ ಮನೆಯ ಮೆಟ್ಟಿಲನ್ನು ಎಲ್ಲರಂತೆ ಮುಖ ಮುಂದೆ ಮಾಡಿ ಇಳಿಯತೊಡಗಿದ. ಡಾಕ್ಟರು ಸರಿ ಎಂದರು. ಎಂಜಿನಿಯರ್ ಕೀಲಿ ತೋರಿಸಿ, "ಹತ್ತಿ ನೋಡ್ತೀರಾ?" ಎಂದ.

ಅವನು ಬೆಲ್ಟ್ ಬಿಗಿದು ಎರಡನೆಯ ಅಟ್ಟದವರೆಗೆ ಹತ್ತಿದ. ಮೊಣಕಾಲು ಚಕಾರವೆತ್ತಲಿಲ್ಲ. ಆದರೆ ಕಂಬಿ ಹಿಡಿದ ಬೆರಳುಗಳು ಬಿಡಲೊಲ್ಲವು. ಹತ್ತು ನಿಮಿಷ ಹಾಗೇ ನಿಂತಿದ್ದು ಇಳಿದು ಬಂದ.

"ಕಾಲು ಚೆನ್ನಾಗಿದೆ ಸಾರ್. ನನಗೆ ಹೆದರಿಕೆ ಆಗುತ್ತೆ. ನಾನು ಕೆಳಗೇ ಇರ್ತೀನಿ."

ಬಾಮೈದ ಇಡೀ ದಿನ ಮುಖ ಊದಿಸಿಕೊಂಡಿದ್ದ. ಸಂಜೆ, "ಹೋಗ್ಲಿ ಬಿಡಿ, ಜೊತೇಲಿ ಟೀ ಕುಡೀಬಹುದು" ಎಂದ.

ಮುಂದಿನ ವಾರ ಹೊಸ ಆಪರೇಟರ್ ಬಂದಳು. ಮೂವತ್ತು ದಾಟಿರದ ಹೆಣ್ಣುಮಗಳು, ಅಳಿಲಿನ ಹಾಗೆ ಸರಸರ ಹತ್ತುವವಳು. ಅವಳು ಹತ್ತುವಾಗ ಅವನು ಏಣಿಯ ಬುಡ ಬಿಟ್ಟು ಕದಲುತ್ತಿರಲಿಲ್ಲ. ಕಾಲು ಜಾಲರಿಗೆ ತಾಗುವ ಸದ್ದನ್ನು ಒಂದೊಂದಾಗಿ ಎಣಿಸುತ್ತಿದ್ದ. ಅವಳು ಎಲ್ಲಾದರೂ ನಿಂತು ನೋಟ ನೋಡಿದರೆ ಅವನು ಎರಡೂ ಕೈಯಿಂದ ಏಣಿಯ ಬುಡ ಹಿಡಿದುಕೊಳ್ಳುತ್ತಿದ್ದ. ಬಾಮೈದ ತಂದಿಟ್ಟ ಟೀ ತಣ್ಣಗಾಗುತ್ತಿತ್ತು.

"ಅಣ್ಣ, ಇನ್ನೂ ಅಲ್ಲೇ ನಿಂತಿದೀರಾ?" ಎಂದು ವಾಕಿಟಾಕಿಯಲ್ಲಿ ನಗುತ್ತಿದ್ದಳು.

"ಇದೀನಮ್ಮ. ಕೂತ್ಕೊಂಡ ಮೇಲೆ ಹೇಳು" ಎನ್ನುತ್ತಿದ್ದ ಅವನು.